ಕಪ್ಪತಗುಡ್ಡ ಯಾವ ಪುಟದ ಸುದ್ದಿ?

ಗದಗ-ಬೆಟಗೇರಿಯಲ್ಲಿ ಪತ್ರಿಕೆ ಕೈಗೆ ಬಂದರೆ ಅನೇಕರು ಮೊದಲು ತಿರುವುವುದು ಜಿಲ್ಲಾ ಪುಟವನ್ನೇ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲೂ ಅದೇ ರೂಢಿ. ತಕರಾರು ಹುಟ್ಟುವುದೂ ಅದೇ ಪುಟದಿಂದ. ಉದ್ಘಾಟನೆ, ಜಯಂತಿ, ಸನ್ಮಾನ, ಸಾಲಾಗಿ ನಿಂತ ಗಣ್ಯರ ಫೋಟೊ. ಉಳಿದ ಜಾಗದಲ್ಲಿ ಕುಡಿಯುವ ನೀರು, ಉಳ್ಳಾಗಡ್ಡಿ ಧಾರಣೆ.

ಅದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಜಿಲ್ಲೆಗೊಂದರಂತೆ ಬದಲಾಗುವ ಈ ಪುಟ ಸಾಮಾನ್ಯವಾಗಿ ಗಡಿ ದಾಟುವುದಿಲ್ಲ. ಮುಂಡರಗಿಯ ನೀರಿನ ಗೋಳನ್ನು ಮುಂಡರಗಿಯವರೇ ಓದುತ್ತಾರೆ. ಉತ್ತರ ಹೇಳಬೇಕಾದವರು ಕೂತಿರುವ ಬೆಂಗಳೂರಿನ ಆವೃತ್ತಿಯಲ್ಲಿ ಆ ಜಾಗಕ್ಕೆ ಬೇರೆಯೇ ಸುದ್ದಿ. 1999ರಲ್ಲಿ ‘ವಿಜಯ ಕರ್ನಾಟಕ’ ಆರಂಭಿಸಿ ಕನ್ನಡದಲ್ಲಿ ಬಹು ಆವೃತ್ತಿಗಳ ಪೈಪೋಟಿಗೆ ಬಿರುಸು ತಂದ ವಿಜಯ ಸಂಕೇಶ್ವರರು ಗದಗಿನವರೇ. ಆ ಪೈಪೋಟಿಯಿಂದ ಹಳ್ಳಿಯ ಹೆಸರು ಅಚ್ಚಾಗುವುದು ಸುಲಭವಾಯಿತು, ಆದರೆ ಅದು ರಾಜಧಾನಿಗೆ ತಲುಪುವುದು ಸುಲಭವಾಗಲಿಲ್ಲ.

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಕಥೆ ನೋಡಿ. 2015ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2016ರ ನವೆಂಬರ್‌ನಲ್ಲಿ ಆದೇಶ ಹಿಂತೆಗೆದುಕೊಂಡಿತು. ಜನ ಬೀದಿಗಿಳಿದ ಮೇಲೆ 2017ರ ಏಪ್ರಿಲ್‌ನಲ್ಲಿ ಆ ಸ್ಥಾನವನ್ನು ಮರಳಿ ಕೊಟ್ಟಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಘೋಷಣೆ, ಧರಣಿ, ಮೆರವಣಿಗೆಗಳ ದಿನ ಸುದ್ದಿ ತಾನಾಗಿ ಸಿಗುತ್ತದೆ. ಆದೇಶ ಹಿಂದಕ್ಕೆ ಹೋಗುವ ಮೊದಲು ಕಡತ ಯಾವ ಯಾವ ಮೇಜು ದಾಟಿತು, ಗುಡ್ಡದಲ್ಲಿ ಗಣಿಗಾರಿಕೆ ನಡೆದರೆ ಯಾರಿಗೆ ಲಾಭ ಎಂಬುದನ್ನು ಹುಡುಕಲು ವಾರಗಟ್ಟಲೆ ಓಡಾಡಬೇಕು.

ಓಡಾಡುವವರು ಯಾರು? ತಾಲ್ಲೂಕು ವರದಿಗಾರರಲ್ಲಿ ಅನೇಕರು ಅರೆಕಾಲಿಕರು. ಗೌರವಧನ ಅಷ್ಟಕ್ಕಷ್ಟೆ, ಎಷ್ಟೋ ಕಡೆ ಜಾಹೀರಾತು ತರುವ ಹೊಣೆಯೂ ಅವರದೇ. ಬೆಳಿಗ್ಗೆ ಹುಟ್ಟುಹಬ್ಬದ ಜಾಹೀರಾತು ಕೇಳಿದ ಮುಖಂಡನ ಕಾಮಗಾರಿಯ ಹುಳುಕನ್ನು ಸಂಜೆ ಬರೆಯುವುದು ಹೇಗೆ? 2009ರ ಚುನಾವಣೆಯ ನಂತರ ‘ಕಾಸಿಗಾಗಿ ಸುದ್ದಿ’ ದೇಶದಾದ್ಯಂತ ಚರ್ಚೆಗೆ ಬಂದು, ಭಾರತೀಯ ಪತ್ರಿಕಾ ಮಂಡಳಿ 2010ರಲ್ಲಿ ವರದಿ ಕೊಟ್ಟಿತು. ತಾಲ್ಲೂಕು ಮಟ್ಟದ ಈ ಮುಲಾಜು ಅಷ್ಟು ಢಾಳಾಗಿ ಕಾಣುವಂಥದ್ದಲ್ಲ.

ಓದುಗನ ಕೈ ಪೂರ್ತಿ ಬರಿದೇನಲ್ಲ. ತಪ್ಪು ವರದಿ ಕಂಡರೆ ಮೊದಲು ಸಂಪಾದಕರಿಗೆ ಬರೆಯಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು; ದಿನಪತ್ರಿಕೆಯ ವಿಷಯದಲ್ಲಿ ಪ್ರಕಟವಾದ 2 ತಿಂಗಳೊಳಗೆ ಅದು ಸಲ್ಲಬೇಕು. ಮಂಡಳಿ ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು. ಹಾಗಾಗಿ ಸಂಪಾದಕರಿಗೆ ಬರೆಯುವ ಪತ್ರವೇ ಹತ್ತಿರದ ದಾರಿ. ‘ನಮ್ಮೂರನ್ನು ಕಡೆಗಣಿಸಿದ್ದೀರಿ’ ಎಂದಷ್ಟೇ ಬರೆದರೆ ಅದು ಪಕ್ಕಕ್ಕೆ ಸರಿಯಬಹುದು. ದಿನಾಂಕ, ಪುಟ, ತಪ್ಪಾದ ಸಾಲು, ಸರಿಯಾದ ಸಂಗತಿ, ಅದಕ್ಕೆ ದಾಖಲೆ ಇವಿಷ್ಟನ್ನೂ ಕೊಟ್ಟರೆ ಸುದ್ದಿಮನೆಯವರು ವರದಿಗಾರನಿಗೆ ಫೋನು ಮಾಡಿ ಕೇಳಲೇಬೇಕಾಗುತ್ತದೆ.