ಸೈಕಲ್ ಅಡ್ವಾನ್ಸ್ ಅಮೆರಿಕದಲ್ಲೂ ಬರಲಿ

ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ರೈಲು ನಿಲ್ದಾಣವಿಲ್ಲ. ಸುಮಾರು 50 ಸಾವಿರ ಜನರಿರುವ ಈ ಊರಿನಿಂದ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವವರು ಬಸ್ಸು ಹಿಡಿಯಬೇಕು. ಇಲ್ಲವೇ ಪಕ್ಕದ ನ್ಯೂ ಬ್ರನ್ಸ್‌ವಿಕ್ ಅಥವಾ ಮೆಟ್ರೊಪಾರ್ಕ್‌ವರೆಗೆ ಕಾರಿನಲ್ಲಿ ಹೋಗಿ, ಪಾರ್ಕಿಂಗಿಗೆ ದುಡ್ಡು ಕೊಟ್ಟು ರೈಲು ಹತ್ತಬೇಕು. ರಟ್ಗರ್ಸ್ ವಿಶ್ವವಿದ್ಯಾಲಯ, ಜಾನ್ಸನ್ ಅಂಡ್ ಜಾನ್ಸನ್, ದೊಡ್ಡ ಆಸ್ಪತ್ರೆಗಳು ಎಲ್ಲ ಇರುವ ನ್ಯೂ ಬ್ರನ್ಸ್‌ವಿಕ್ ಇಲ್ಲಿಂದ ಐದಾರು ಮೈಲಿ ಅಷ್ಟೇ. ಸೈಕಲ್ಲಿಗೆ ಹೇಳಿ ಮಾಡಿಸಿದ ದೂರ. ಆದರೂ ಬೆಳಗಾದರೆ ರೂಟ್ 18ರ ತುಂಬ ಕಾರುಗಳೇ. ಬಹುಪಾಲು ಕಾರಿನಲ್ಲಿ ಕಾಣುವುದು ಒಬ್ಬರೇ.

ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ನೆಂಟರಿರುವ ಕನ್ನಡಿಗರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ‘ಅಲ್ಲಿ ಕಂಪನಿಯವರೇ ಸೈಕಲ್ ಕೊಡಿಸ್ತಾರಂತೆ, ನಮಗ್ಯಾಕೆ ಇಲ್ಲ?’ ಇದು ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಹೊರಟರೆ ತೆರಿಗೆ ಕಾನೂನಿನ ಪುಟಗಳೇ ಎದುರಾಗುತ್ತವೆ.

ಬ್ರಿಟನ್ನಿನ ದಾರಿ

ಬ್ರಿಟನ್ನಿನಲ್ಲಿ ‘ಸೈಕಲ್ ಟು ವರ್ಕ್’ ಯೋಜನೆಗೆ ಅಡಿಪಾಯ ಬಿದ್ದದ್ದು 1999ರ ಹಣಕಾಸು ಕಾಯ್ದೆಯಲ್ಲಿ. ಉದ್ಯೋಗಿ ತನಗೆ ಬೇಕಾದ ಸೈಕಲ್ಲನ್ನು ಆರಿಸುತ್ತಾನೆ, ಕಂಪನಿ ಅದನ್ನು ಕೊಂಡು ಅವನಿಗೆ ಬಾಡಿಗೆಗೆ ಕೊಡುತ್ತದೆ. ಬಾಡಿಗೆ ತಿಂಗಳು ತಿಂಗಳು ಸಂಬಳದಲ್ಲಿ ಕಳೆಯುತ್ತದೆ, ಅದೂ ತೆರಿಗೆ ಹಾಕುವ ಮೊದಲೇ. ಸಾಮಾನ್ಯ ಸಂಬಳದವರಿಗೆ ಇದರಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಉಳಿತಾಯ. ಹೆಲ್ಮೆಟ್, ದೀಪ, ಬೀಗವನ್ನೂ ಇದರಲ್ಲೇ ಸೇರಿಸಬಹುದು.

ಬಾಡಿಗೆಯ ಅವಧಿ ಮುಗಿದ ಮೇಲೂ ಸೈಕಲ್ಲಿನ ಒಡೆತನ ಕಂಪನಿಯದೇ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಅದನ್ನು ಸ್ವಂತ ಮಾಡಿಕೊಳ್ಳಬೇಕಾದರೆ ಆ ಹೊತ್ತಿನ ಮಾರುಕಟ್ಟೆ ಬೆಲೆ ತೆರಬೇಕು. ಆ ಬೆಲೆಗೆ ತೆರಿಗೆ ಇಲಾಖೆಯೇ ಒಂದು ಪಟ್ಟಿ ಮಾಡಿದೆ. 1,000 ಪೌಂಡಿನ ಸೈಕಲ್ಲನ್ನು ವರ್ಷ ತುಂಬಿದ ಕೂಡಲೇ ಕೊಂಡರೆ ಶೇ 25, ಅಂದರೆ 250 ಪೌಂಡ್. ನಾಲ್ಕು ವರ್ಷ ಕಳೆದ ಮೇಲಾದರೆ ಶೇ 7, ಬರೀ 70 ಪೌಂಡ್. ಹಾಗಾಗಿ ಬಲ್ಲವರು ಬಾಡಿಗೆ ಕರಾರನ್ನು ಮುಂದುವರಿಸಿ, ಸಣ್ಣ ಠೇವಣಿ ಕಟ್ಟಿ, ನಾಲ್ಕು ವರ್ಷ ತುಂಬಿದ ಮೇಲೆ ಸೈಕಲ್ಲನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಐರ್ಲೆಂಡ್ 2009ರಲ್ಲಿ ಇಂಥದೇ ಯೋಜನೆ ತಂದಿತು.

ಇಪ್ಪತ್ತು ಡಾಲರಿನ ಕಥೆ

ಅಮೆರಿಕ ಈ ದಾರಿಯಲ್ಲಿ ಕಾಲಿಡಲೇ ಇಲ್ಲ ಎನ್ನುವಂತಿಲ್ಲ. ಓರೆಗಾನ್‌ನ ಸಂಸದ ಅರ್ಲ್ ಬ್ಲೂಮೆನಾವರ್ ವರ್ಷಗಟ್ಟಲೆ ಬೆನ್ನುಹತ್ತಿದ ಫಲವಾಗಿ 2008ರ ಅಕ್ಟೋಬರ್‌ನಲ್ಲಿ ಬ್ಯಾಂಕುಗಳನ್ನು ಕಾಪಾಡಲು ತಂದ ತುರ್ತು ಕಾಯ್ದೆಯೊಳಗೆ ಸೈಕಲ್ ಸವಾರರಿಗೂ ಒಂದು ಕಲಮು ಸೇರಿತು. 2009ರ ಜನವರಿಯಿಂದ ಉದ್ಯೋಗದಾತರು ಸೈಕಲ್ಲಿನಲ್ಲಿ ಕೆಲಸಕ್ಕೆ ಬರುವವರಿಗೆ ತಿಂಗಳಿಗೆ 20 ಡಾಲರ್‌ವರೆಗೆ ತೆರಿಗೆಯಿಲ್ಲದೆ ಕೊಡಬಹುದಾಯಿತು. ಸೈಕಲ್ ಖರೀದಿ, ರಿಪೇರಿ, ನಿಲ್ಲಿಸುವ ಜಾಗದ ಬಾಡಿಗೆ ಎಲ್ಲಕ್ಕೂ ಅಷ್ಟೇ. ವರ್ಷಕ್ಕೆ 240 ಡಾಲರ್. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಈಸ್ಟ್ ಬ್ರನ್ಸ್‌ವಿಕ್‌ನಂಥ ಊರಿನವರಿಗೆ ಅದೂ ದಕ್ಕುವುದು ಕಷ್ಟವಿತ್ತು. ಬಸ್ಸು ಅಥವಾ ರೈಲಿನ ಪಾಸಿಗೆ ತೆರಿಗೆ ವಿನಾಯಿತಿ ಪಡೆದ ತಿಂಗಳಲ್ಲಿ ಸೈಕಲ್ಲಿನ 20 ಡಾಲರ್ ಸಿಗುತ್ತಿರಲಿಲ್ಲ. ಮನೆಯಿಂದ ನಿಲ್ದಾಣಕ್ಕೆ ಸೈಕಲ್, ಅಲ್ಲಿಂದ ಮ್ಯಾನ್‌ಹಟನ್‌ಗೆ ರೈಲು ಎನ್ನುವವರು ಎರಡರಲ್ಲಿ ಒಂದನ್ನು ಬಿಡಲೇಬೇಕಿತ್ತು. ಉಪನಗರದಲ್ಲಿ ಸೈಕಲ್ ಅತ್ಯಂತ ಉಪಯೋಗಕ್ಕೆ ಬರುವುದು ಹೀಗೆ ರೈಲಿಗೆ ಜೋಡಿಯಾಗಿಯೇ. ಕಾನೂನು ಮಾಡಿದವರ ಕಣ್ಣಿಗೆ ಅದು ಬೀಳಲಿಲ್ಲ.

2017ರ ತೆರಿಗೆ ಕಾಯ್ದೆ ಈ ವಿನಾಯಿತಿಯನ್ನು 2018ರಿಂದ 2025ರವರೆಗೆ ಅಮಾನತಿನಲ್ಲಿಟ್ಟಿತು. 2025ರ ಜುಲೈ 4ರಂದು ಸಹಿಬಿದ್ದ ಹೊಸ ಕಾಯ್ದೆ ಅದನ್ನು ಶಾಶ್ವತವಾಗಿ ಅಳಿಸಿಹಾಕಿತು. ಅದೇ ವರ್ಷ ಪಾರ್ಕಿಂಗಿಗೆ ತೆರಿಗೆಯಿಲ್ಲದೆ ಪಡೆಯಬಹುದಾಗಿದ್ದ ಮೊತ್ತ ತಿಂಗಳಿಗೆ 325 ಡಾಲರ್. ಕಾರು ನಿಲ್ಲಿಸುವವರಿಗೆ ವರ್ಷಕ್ಕೆ 3,900 ಡಾಲರಿನ ಮೇಲೆ ವಿನಾಯಿತಿ, ಸೈಕಲ್ ತುಳಿಯುವವರಿಗೆ ಸೊನ್ನೆ. ನ್ಯೂಜೆರ್ಸಿಯ 2019ರ ಕಾನೂನಿನಂತೆ 20 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಬಸ್ಸು, ರೈಲಿನ ಖರ್ಚಿಗೆ ತೆರಿಗೆಪೂರ್ವ ಸೌಲಭ್ಯ ಕೊಡಲೇಬೇಕು. ಅಲ್ಲಿಯೂ ಸೈಕಲ್ಲಿಗೆ ಜಾಗವಿಲ್ಲ.

ನಮ್ಮ ಹಿರಿಯರಿಗೆ ಗೊತ್ತಿದ್ದ ದಾರಿ

ಹಾಗಾದರೆ ಬಾಗಿಲು ಮುಚ್ಚಿತೇ? ಇಲ್ಲ. ಭಾರತದಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ದಶಕಗಳ ಕಾಲ ‘ಸೈಕಲ್ ಅಡ್ವಾನ್ಸ್’ ಸಿಗುತ್ತಿತ್ತು. ಸೈಕಲ್ಲಿಗೆಂದು ಮುಂಗಡ ಕೊಟ್ಟು ಸಂಬಳದಲ್ಲಿ ಕಂತು ಕಂತಾಗಿ ಹಿಡಿದುಕೊಳ್ಳುವ ಏರ್ಪಾಟು ಅದು. ಅಂಚೆಯಣ್ಣನಿಂದ ಗುಮಾಸ್ತರವರೆಗೆ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ ಬಂದದ್ದು ಹೀಗೆ. ಏಳನೇ ವೇತನ ಆಯೋಗದ ನಂತರ 2016ರಲ್ಲಿ ಅದು ನಿಂತಿತು. ಆದರೆ ಅಂಚೆಯವರಿಗೂ ರೈಲ್ವೆಯ ಟ್ರ್ಯಾಕ್‌ಮನ್‌ಗಳಿಗೂ ಇದ್ದ ತಿಂಗಳ ಸೈಕಲ್ ಭತ್ಯೆಯನ್ನು ಸರ್ಕಾರ ಉಳಿಸಿಕೊಂಡಿತಲ್ಲದೆ 2017ರಲ್ಲಿ 90 ರೂಪಾಯಿಯಿಂದ 180ಕ್ಕೆ ಏರಿಸಿತು.

ಈ ಹಳೆಯ ಏರ್ಪಾಟಿಗೆ ಅಮೆರಿಕದಲ್ಲಿ ಇಂದಿಗೂ ಅಡ್ಡಿಯಿಲ್ಲ. ಉದ್ಯೋಗದಾತರು ನೌಕರರಿಗೆ ಕೊಡುವ ಬಡ್ಡಿರಹಿತ ಸಾಲದ ಒಟ್ಟು ಬಾಕಿ 10,000 ಡಾಲರ್ ಮೀರದಿದ್ದರೆ, ಕಟ್ಟದ ಬಡ್ಡಿಯನ್ನು ಆದಾಯವೆಂದು ಲೆಕ್ಕಹಿಡಿದು ತೆರಿಗೆ ಹಾಕುವುದಿಲ್ಲ. ಸಾಲದ ಮೂಲ ಕರಾರಿನಲ್ಲೇ ಕಂತುಗಳ ವಿವರ ಬರೆದಿದ್ದರೆ ಸಂಬಳದಿಂದ ಕಡಿತ ಮಾಡಲು ನ್ಯೂಜೆರ್ಸಿಯ ವೇತನ ಕಾನೂನೂ ಒಪ್ಪುತ್ತದೆ. 1,200 ಡಾಲರಿನ ಸೈಕಲ್ಲಿಗೆ ತಿಂಗಳಿಗೆ 100ರಂತೆ ಹನ್ನೆರಡು ಕಂತು. ಕ್ರೆಡಿಟ್ ಕಾರ್ಡಿನ ಬಡ್ಡಿಯ ಕಾಟವಿಲ್ಲ. ಬ್ರಿಟನ್ನಿನಂತೆ ಕೊನೆಗೆ ಕಂಪನಿಯಿಂದ ಕೊಳ್ಳುವ ತಾಪತ್ರಯವೂ ಇಲ್ಲ, ಸೈಕಲ್ ಮೊದಲ ದಿನದಿಂದಲೇ ನಿಮ್ಮದು.

ಎರಡನೆಯ ದಾರಿ, ಕಂಪನಿಯ ‘ಲೈಫ್‌ಸ್ಟೈಲ್ ಅಕೌಂಟ್’. ಆರೋಗ್ಯ, ವ್ಯಾಯಾಮಕ್ಕೆಂದು ಕಂಪನಿ ಕೊಡುವ ಈ ಹಣದಲ್ಲಿ ಸೈಕಲ್ ಸೇರಿದೆಯೇ ಎಂದು ವಿಚಾರಿಸಿ. ಇದಕ್ಕೆ ತೆರಿಗೆಯುಂಟು. ಶೇ 22ರ ಫೆಡರಲ್ ಮಟ್ಟದಲ್ಲಿರುವವರಿಗೆ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್, ರಾಜ್ಯದ ತೆರಿಗೆ ಸೇರಿ ಮೂರನೇ ಒಂದು ಪಾಲಿನಷ್ಟು ಹೋಗುತ್ತದೆ. ಉಳಿದ ಎರಡು ಪಾಲು ಕೈಗೆ ಬರುತ್ತದಲ್ಲ, ಅದನ್ನು ಬಿಡಬೇಡಿ.

ಕೊಳ್ಳುವ ಮುನ್ನ ದಾರಿ ನೋಡಿ

ಇಲ್ಲಿ ಸೈಕಲ್ಲಿಗಿಂತ ದಾರಿಯ ಆಯ್ಕೆ ಮುಖ್ಯ. ರೂಟ್ 18ರಲ್ಲಿ ಸೈಕಲ್ ತುಳಿಯುವ ಸಾಹಸ ಬೇಡ. ನ್ಯೂಜೆರ್ಸಿಯ ಹೆಗ್ಗುರುತಾದ ‘ಜಗ್‌ಹ್ಯಾಂಡಲ್’ ತಿರುವಿನಲ್ಲಿ ಎಡಕ್ಕೆ ಹೋಗಬೇಕಾದ ಕಾರು ಮೊದಲು ಬಲಕ್ಕೆ ಹೊರಳುತ್ತದೆ. ರಸ್ತೆಯ ಬಲಬದಿಯಲ್ಲಿ ನೇರ ಸಾಗುವ ಸೈಕಲ್ ಸವಾರನಿಗೆ ಆ ಕಾರು ಅಡ್ಡಹಾಯುವುದು ಅಲ್ಲೇ. ನ್ಯೂ ಬ್ರನ್ಸ್‌ವಿಕ್ ಕಡೆಗೆ ಹೋಗುವ ರೈಡರ್ಸ್ ಲೇನ್‌ನಂಥ ರಸ್ತೆಗಳನ್ನು ಭಾನುವಾರ ಬೆಳಿಗ್ಗೆ ಒಮ್ಮೆ ತುಳಿದು ನೋಡಿ. ಎಲ್ಲಿ ರಸ್ತೆಯಂಚು ಕಿರಿದು, ಎಲ್ಲಿ ಕಾರುಗಳ ರಭಸ ಹೆಚ್ಚು ಎಂಬುದು ಮನದಟ್ಟಾಗುತ್ತದೆ. 2022ರ ಮಾರ್ಚ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ ಸೈಕಲ್ ಸವಾರರನ್ನು ದಾಟುವ ಚಾಲಕರು ಸಾಧ್ಯವಿದ್ದರೆ ಲೇನ್ ಬದಲಿಸಬೇಕು, ಇಲ್ಲವೇ 4 ಅಡಿ ಅಂತರ ಬಿಡಬೇಕು. ಅದೂ ಆಗದಿದ್ದರೆ ವೇಗವನ್ನು ಗಂಟೆಗೆ 25 ಮೈಲಿಗೆ ಇಳಿಸಬೇಕು. ಕಾರು ಓಡಿಸುವ ನಾವೂ ಇದನ್ನು ಪಾಲಿಸಬೇಕು.

ನ್ಯೂಯಾರ್ಕಿಗೆ ಹೋಗುವವರು ಮಡಚುವ ಸೈಕಲ್ ಕೊಳ್ಳುವುದು ಜಾಣತನ. ದಟ್ಟಣೆಯ ಹೊತ್ತಿನಲ್ಲಿ ನ್ಯೂಯಾರ್ಕ್ ಕಡೆಯ ಎನ್‌ಜೆ ಟ್ರಾನ್ಸಿಟ್ ರೈಲುಗಳಿಗೆ ಸಾಮಾನ್ಯ ಸೈಕಲ್ ಹತ್ತಿಸುವಂತಿಲ್ಲ, ಮಡಚುವ ಸೈಕಲ್ಲಿಗೆ ಯಾವಾಗಲೂ ಅವಕಾಶವಿದೆ. ಕತ್ತಲಲ್ಲಿ ತುಳಿಯಲು 500 ಅಡಿ ದೂರಕ್ಕೆ ಕಾಣುವ ಮುಂದಿನ ಬಿಳಿ ದೀಪ, ಹಿಂದಿನ ಕೆಂಪು ದೀಪ ಇಲ್ಲಿ ಕಡ್ಡಾಯ. ಗಂಟೆಯೂ ಇರಬೇಕು. 17 ವರ್ಷದೊಳಗಿನ ಮಕ್ಕಳು ಹೆಲ್ಮೆಟ್ ಹಾಕಲೇಬೇಕು ಎನ್ನುತ್ತದೆ ಕಾನೂನು, ದೊಡ್ಡವರೂ ಹಾಕುವುದು ಕ್ಷೇಮ. ಗಟ್ಟಿ ಬೀಗ, ಮಡ್‌ಗಾರ್ಡ್, ಕ್ಯಾರಿಯರ್ ಎಲ್ಲದರ ಬೆಲೆ ಕೂಡಿಸಿಯೇ ಮುಂಗಡ ಕೇಳಿ.

ಕಂಪನಿಗಳು ಮುಂದಿನ ವರ್ಷದ ಸೌಲಭ್ಯಗಳ ಪಟ್ಟಿಯನ್ನು ಸಾಮಾನ್ಯವಾಗಿ ಚಳಿಗಾಲಕ್ಕೆ ಮೊದಲೇ ಅಂತಿಮಗೊಳಿಸುತ್ತವೆ. ಆದ್ದರಿಂದ ಬೇಸಿಗೆಯಲ್ಲೇ ಎಚ್‌ಆರ್‌ಗೆ ಬರೆಯಿರಿ. ಒಬ್ಬರೇ ಕೇಳಿದರೆ ಮನವಿ ಕಡತ ಸೇರೀತು, ಸಹೋದ್ಯೋಗಿಗಳ ಜೊತೆಗೂಡಿ ಕೇಳಿದರೆ ಅದಕ್ಕೆ ತೂಕ ಬರುತ್ತದೆ. ಉದ್ಯೋಗದಾತರಿಗೆ ನೆರವಾಗಲು ಕೌಂಟಿಯಲ್ಲಿ ‘ಕೀಪ್ ಮಿಡ್ಲ್‌ಸೆಕ್ಸ್ ಮೂವಿಂಗ್’ ಎಂಬ ಲಾಭರಹಿತ ಸಂಸ್ಥೆಯೂ ಇದೆ, ನಿಮ್ಮ ಮನವಿಯಲ್ಲಿ ಅದರ ಹೆಸರು ಸೇರಿಸಿ. ಈ ಊರಿನ ಕನ್ನಡಿಗರಲ್ಲಿ ಸ್ವಂತ ಕಂಪನಿ ನಡೆಸುವವರಿದ್ದರೆ ಸೈಕಲ್ ಅಡ್ವಾನ್ಸನ್ನು ಅವರೇ ಮೊದಲು ಶುರುಮಾಡಲಿ. ಅದಕ್ಕೆ ವಾಷಿಂಗ್ಟನ್ನಿನ ಅಪ್ಪಣೆ ಬೇಕಿಲ್ಲ.