ಸರ್ವರಿನಿಂದ ಜಾಲಪುಟಕ್ಕೆ ಸುದ್ದಿ: ಒಂದು ಚಾರಿತ್ರಿಕ ವಿವೇಚನೆ

ಓದುಗನು ಏನನ್ನೂ ಒತ್ತದಿದ್ದರೂ ಜಾಲಪುಟದಲ್ಲಿ ಕ್ರಿಕೆಟ್ ಪಂದ್ಯದ ಓಟಗಳ ಸಂಖ್ಯೆ ತಾನಾಗಿ ಬದಲಾಗುವುದು ಇಂದು ಸಾಮಾನ್ಯ ಸಂಗತಿ. ಜಾಲದ ಮೂಲರಚನೆಯಲ್ಲಿ ಇದಕ್ಕೆ ಎಡೆಯಿರಲಿಲ್ಲ. ಆ ಎಡೆ ಹೇಗೆ ದೊರೆಯಿತು, ಅದರಿಂದ ಚರಿತ್ರೆಯ ಅಭ್ಯಾಸಿಗಳಿಗೆ ಒದಗಿದ ತೊಡಕೇನು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟರು. ಅದರ ಎಚ್‌ಟಿಟಿಪಿ ಎಂಬ ನಿಯಮಾವಳಿಯಂತೆ ಬ್ರೌಸರು ಕೇಳತಕ್ಕದ್ದು, ಸರ್ವರು ಉತ್ತರಿಸತಕ್ಕದ್ದು. ಕೇಳದೆ ಹೇಳುವ ಅವಕಾಶ ಸರ್ವರಿಗಿಲ್ಲ. ದಸ್ತಾವೇಜುಗಳ ವಿನಿಮಯಕ್ಕಾಗಿ ಹುಟ್ಟಿದ ವ್ಯವಸ್ಥೆಗೆ ಇಷ್ಟು ಸಾಕಾಗಿತ್ತು.

1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟನ್ನು ರಚಿಸಿದರು. ಪುಟವನ್ನೆಲ್ಲ ಮತ್ತೆ ತರಿಸದೆ ಹಿನ್ನೆಲೆಯಲ್ಲಿಯೇ ಸರ್ವರನ್ನು ಕೇಳುವ ಸಾಧನವು 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರೊಡನೆ ಬಂದಿತು. ಇದರಿಂದ ಎರಡು ಉಪಾಯಗಳು ಸಾಧ್ಯವಾದವು. ಮೊದಲನೆಯದು, ಕೆಲವು ಕ್ಷಣಗಳಿಗೊಮ್ಮೆ ಕೇಳುತ್ತಲೇ ಇರುವುದು. 10,000 ಓದುಗರ ಬ್ರೌಸರುಗಳು 5 ಸೆಕೆಂಡಿಗೊಮ್ಮೆ ಕೇಳಿದರೆ ಸರ್ವರು ಸೆಕೆಂಡಿಗೆ 2,000 ಪ್ರಶ್ನೆಗಳನ್ನು ಎದುರಿಸಬೇಕು. ಹೊಸ ಸುದ್ದಿಯಿಲ್ಲದಾಗ ಆ ಶ್ರಮವೆಲ್ಲ ವ್ಯರ್ಥ. ಎರಡನೆಯದು, ಸುದ್ದಿ ಬರುವವರೆಗೂ ಸರ್ವರು ಉತ್ತರವನ್ನು ತಡೆಹಿಡಿಯುವುದು. ಉತ್ತರ ದೊರೆತೊಡನೆ ಬ್ರೌಸರು ಮತ್ತೆ ಕೇಳುವುದು. ಇಂತಹ ತಂತ್ರಗಳಿಗೆ ಅಲೆಕ್ಸ್ ರಸೆಲ್ ಅವರು 2006ರಲ್ಲಿ ‘ಕಾಮೆಟ್’ ಎಂದು ಹೆಸರಿಟ್ಟರು.

ಮುಂದೆ ಈ ಉಪಾಯಗಳ ಸ್ಥಾನದಲ್ಲಿ ಕ್ರಮಬದ್ಧ ನಿಯಮಗಳು ಏರ್ಪಟ್ಟವು. ‘ಸರ್ವರ್-ಸೆಂಟ್ ಈವೆಂಟ್ಸ್’ ಎಂಬುದರಲ್ಲಿ ಬ್ರೌಸರು ಒಮ್ಮೆ ಕೇಳಿದರೆ ಸಾಕು. ಉತ್ತರವು ಮುಗಿಯದೆ, ಸುದ್ದಿ ಬಂದಂತೆಲ್ಲ ಹರಿಯುತ್ತಿರುತ್ತದೆ. 2011ರ ಡಿಸೆಂಬರಿನಲ್ಲಿ ಪ್ರಕಟವಾದ ‘ವೆಬ್‌ಸಾಕೆಟ್’ ನಿಯಮದಲ್ಲಾದರೋ ಇಬ್ಬರೂ ಬೇಕೆಂದಾಗ ಮಾತನಾಡಬಹುದು. ಆದುದರಿಂದ ಫಲಿತಾಂಶಗಳಂತಹ ಏಕಮುಖ ಪ್ರಕಟಣೆಗೆ ಮೊದಲನೆಯದೂ, ಸಂಭಾಷಣೆಗೆ ಎರಡನೆಯದೂ ತಕ್ಕವು ಎನ್ನಬಹುದು.

ಇಲ್ಲಿಯೇ ನಮ್ಮ ಪ್ರಶ್ನೆ ಏಳುತ್ತದೆ. ಪುಟದಲ್ಲಿ ಹೊಸ ಸಂಖ್ಯೆ ಬಂದೊಡನೆ ಹಳೆಯದು ಅಳಿಯುತ್ತದೆ. ಇಂಟರ್‌ನೆಟ್ ಆರ್ಕೈವ್ 1996ರಿಂದ ಜಾಲಪುಟಗಳನ್ನು ಸಂಗ್ರಹಿಸುತ್ತಿದೆಯಾದರೂ, ಅಂತಹ ಪ್ರತಿಯಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದು ಕ್ಷಣದ ಸ್ಥಿತಿ ಮಾತ್ರ. ಚುನಾವಣೆಯ ಮತ ಎಣಿಕೆಯ ದಿನ ಯಾವ ಗಳಿಗೆಯಲ್ಲಿ ಜನರು ಯಾವ ಅಂಕಿಯನ್ನು ಕಂಡರೆಂಬುದನ್ನು ಅಂತಿಮ ಪುಟವು ಹೇಳಲಾರದು. ಪತ್ರಿಕೆಯ ಬೆಳಗಿನ ಹಾಗೂ ಸಂಜೆಯ ಆವೃತ್ತಿಗಳನ್ನು ಹೋಲಿಸಿ ನೋಡುವವರಿಗೆ ಈ ನಷ್ಟದ ಬೆಲೆ ತಿಳಿದೀತು.

ಇದಕ್ಕೆ ಪರಿಹಾರದ ಸುಳಿವು ಆ ನಿಯಮದಲ್ಲಿಯೇ ಇದೆ. ಸರ್ವರ್-ಸೆಂಟ್ ಈವೆಂಟ್ಸಿನಲ್ಲಿ ಪ್ರತಿಯೊಂದು ಸುದ್ದಿಗೂ ಗುರುತಿನ ಸಂಖ್ಯೆಯನ್ನು ಕೊಡಬಹುದು. ಸಂಪರ್ಕ ಕಡಿದು ಮತ್ತೆ ಕೂಡಿದಾಗ ಬ್ರೌಸರು ತಾನು ಕಡೆಯದಾಗಿ ಪಡೆದ ಸಂಖ್ಯೆಯನ್ನು ತಿಳಿಸುತ್ತದೆ. ಹಿಂದಿನವನ್ನು ಕಾದಿರಿಸಿದ್ದರೆ ಸರ್ವರು ಬಿಟ್ಟುಹೋದವನ್ನು ಕಳುಹಿಸಬಲ್ಲುದು. ಆದರೆ ಹಾಗೆ ಕಾದಿರಿಸಲೇಬೇಕೆಂಬ ಕಟ್ಟಳೆ ಇಲ್ಲ. ಸಾರ್ವಜನಿಕ ಮಹತ್ವದ ಪ್ರಕಟಣೆಗಳಲ್ಲಾದರೂ ಈ ಸರಣಿಯನ್ನು ಕಾಲದ ಉಲ್ಲೇಖದೊಡನೆ ಶಾಶ್ವತವಾಗಿ ರಕ್ಷಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.