ಅಪಘಾತದ ಪರಿಹಾರ: ಗೃಹಿಣಿಯ ದುಡಿಮೆಗೂ ಲೆಕ್ಕವಿದೆ

2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ಬದುಕು ರೈಲನ್ನು ನಂಬಿ ನಿಂತಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ನಿಲ್ದಾಣಗಳಿಂದ ನಸುಕಿನಲ್ಲೇ ಹೊರಟವರು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಾರೆ. ರೈಲು ಇಳಿದ ಮೇಲೆ ಮಾತ್ರ ಆಟೋ, ಬೈಕು, ಬಸ್ಸುಗಳ ನಡುವೆಯೇ ದಾರಿ.

ರಾಬರ್ಟ್‌ಸನ್‌ಪೇಟೆಯ ಮಹಿಳೆಯೊಬ್ಬರಿಗೆ ಕೃಷ್ಣರಾಜಪುರದಲ್ಲಿ ವ್ಯಾನು ಡಿಕ್ಕಿಯಾಗಿ ಕಾಲು ಮುರಿಯಿತು ಎಂದಿಟ್ಟುಕೊಳ್ಳಿ. ಬೆಂಗಳೂರಿನ ಕೋರ್ಟಿಗೆ ಯಾರು ಅಲೆಯುವುದೆಂದು ಮನೆಯವರು ಕೈಚೆಲ್ಲುತ್ತಾರೆ. ಅಲೆಯಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಗಾಯಾಳು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಪರಿಹಾರ ಕೇಳಬಹುದು. ಕೆ.ಜಿ.ಎಫ್. ನ್ಯಾಯಾಲಯದಲ್ಲೇ ಇಂಥ ಅರ್ಜಿಗಳ ವಿಚಾರಣೆ ನಡೆಯುತ್ತದೆ.

ಆದರೆ ಅರ್ಜಿಯ ಬಲ ತೀರ್ಮಾನವಾಗುವುದು ಮೊದಲ ದಿನ, ಆಸ್ಪತ್ರೆಯಲ್ಲಿ. ಹೇಗಾಯಿತೆಂದು ವೈದ್ಯರು ಕೇಳಿದಾಗ, ಪೊಲೀಸರ ಗೊಡವೆ ಬೇಡವೆಂದು "ಬಿದ್ದು ಪೆಟ್ಟಾಯಿತು" ಎನ್ನುವವರಿದ್ದಾರೆ. ಆ ಮಾತು ದಾಖಲೆಗೆ ಸೇರುತ್ತದೆ. ಮುಂದೆ ವಿಮಾ ಕಂಪೆನಿಯ ವಕೀಲರ ಕೈಗೆ ಅದೇ ಆಯುಧ. ನಡೆದದ್ದನ್ನು ನಡೆದಂತೆ ಹೇಳಿ, ವಾಹನದ ನಂಬರನ್ನೂ ಬರೆಸಿ. ದೂರು ದಾಖಲಾದ ಮೇಲೆ ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಮೊದಲ ವರದಿ, 90 ದಿನಗಳಲ್ಲಿ ವಿವರ ವರದಿ ಕೊಡಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅರ್ಜಿಗೆ ಆರು ತಿಂಗಳ ಗಡುವೂ ಆಗಲೇ ಬಂತು. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಮಧ್ಯಂತರ ಆದೇಶ ಮಾತ್ರ. ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ.

ಇನ್ನು "ಆದಾಯವೆಷ್ಟು?" ಎಂಬ ಪ್ರಶ್ನೆ. ನಮ್ಮ ಹೆಣ್ಣುಮಕ್ಕಳು ತಡವರಿಸುವುದು ಇಲ್ಲಿಯೇ. "ಏನೂ ಇಲ್ಲ, ಮನೆಯಲ್ಲೇ ಇರುವುದು" ಎಂದುಬಿಡುತ್ತಾರೆ! ಅಡುಗೆ, ಮಕ್ಕಳು, ಅತ್ತೆಮಾವಂದಿರ ಆರೈಕೆ, ಬಿಡುವಿನಲ್ಲಿ ಹೊಲಿಗೆ, ಇವೆಲ್ಲ ಏನು? ಗೃಹಿಣಿಯ ದುಡಿಮೆಯನ್ನು ದಿನಗೂಲಿಯವರ ಕನಿಷ್ಠ ವೇತನಕ್ಕಿಂತ ಕಡಿಮೆಯೆಂದು ಎಣಿಸಲಾಗದೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಹೇಳಿದೆ. ಸಾವಿನ ಪ್ರಕರಣದಲ್ಲಿ ಬಂದ ಮಾತಾದರೂ ಗಾಯಾಳು ಗೃಹಿಣಿಯ ಪರವಾಗಿಯೂ ಅದನ್ನು ಮುಂದಿಡಬಹುದು.

ಕಾಗದಪತ್ರವಿಲ್ಲದ ದುಡಿಮೆಗೂ ಹೀಗೆಯೇ. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರು 2008ರ ಅಪಘಾತದಲ್ಲಿ ಕಾಲು ಕಳೆದುಕೊಂಡರು. ಒಂದೆಡೆ ಕೂತು ಮಾರುವವರಿಗೆ ಓಡಾಟ ಅಷ್ಟೇನೂ ಬೇಡವೆಂಬ ಹೈಕೋರ್ಟಿನ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಲಿಲ್ಲ. ಸಗಟು ಮಾರುಕಟ್ಟೆಯಿಂದ ಮಾಲು ತರಬೇಕು, ಗಾಡಿ ತಳ್ಳಬೇಕು, ಇದಕ್ಕೆ ಕಾಲು ಬೇಡವೇ? ಆದಾಯದ ದಾಖಲೆ ಇಲ್ಲದಿದ್ದರೂ ತಿಂಗಳಿಗೆ 6,500 ರೂಪಾಯಿ ದುಡಿಮೆ ಎಂದು ಹಿಡಿದು, ಗಳಿಕೆಯ ಶಕ್ತಿ ಶೇಕಡ 85ರಷ್ಟು ನಷ್ಟವಾಗಿದೆಯೆಂದು ಕೋರ್ಟ್ ಲೆಕ್ಕ ಹಾಕಿತು.

ಆದ್ದರಿಂದ ವೈದ್ಯರ ಅಂಗವೈಕಲ್ಯದ ಪ್ರಮಾಣಪತ್ರ ಒಂದನ್ನೇ ನೆಚ್ಚಬೇಡಿ. ಆ ಗಾಯದಿಂದ ನಿಮ್ಮ ಕೆಲಸ ಎಷ್ಟು ನಿಂತಿತೆಂಬುದನ್ನೂ ಸಾಕ್ಷ್ಯದಲ್ಲಿ ಹೇಳಿ. ಹೊಲಿಗೆ ಯಂತ್ರ ತುಳಿಯುವವರಿಗೆ ಪಾದದ ಪೆಟ್ಟು ಸಣ್ಣದಲ್ಲ. ನೆಲದ ಮೇಲೆ ಕೂರಲಾಗದ, ಸುಜೂದ್‌ಗೆ ಬಾಗಲಾಗದ, ಮಗುವನ್ನು ಎತ್ತಲಾಗದ ಕಷ್ಟವೂ ಜೀವನಸೌಖ್ಯದ ನಷ್ಟವೇ. ನಾಚಿಕೆಪಟ್ಟು ಸುಮ್ಮನಿದ್ದರೆ ನ್ಯಾಯಾಧೀಶರಿಗೆ ತಿಳಿಯುವುದಾದರೂ ಹೇಗೆ? ಔಷಧದ ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಓಡಾಟದ ಆಟೋ ಖರ್ಚು ಒಂದೇ ಚೀಲದಲ್ಲಿರಲಿ.

ಆಸ್ಪತ್ರೆಯ ವರಾಂಡದಲ್ಲೇ ಕಾಗದಕ್ಕೆ ಸಹಿ ಕೇಳುವ ದಲ್ಲಾಳಿಗಳಿಂದ ದೂರವಿರಿ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಶುಲ್ಕ ಗೊತ್ತುಮಾಡುವುದು ಅವರ ವೃತ್ತಿನಿಯಮಕ್ಕೇ ವಿರುದ್ಧ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದಲ್ಲಿರುವ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಿ. ಲೋಕ ಅದಾಲತ್‌ನಲ್ಲಿ ಹಣ ಬೇಗ ಬರುವುದು ನಿಜ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಮೊತ್ತವನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಿಯೇ ಹೋಗಿ.

ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ? ಆಗ ನ್ಯಾಯಮಂಡಳಿಯಲ್ಲ, ಅಪಘಾತ ನಡೆದ ತಾಲೂಕಿನ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. 2022ರ ಏಪ್ರಿಲ್‌ನಿಂದ ಇಂಥ ಪ್ರಕರಣದಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಿಗೆ 2 ಲಕ್ಷ ರೂಪಾಯಿ ನಿಗದಿಯಾಗಿದೆ.